ಬೇಸ್ ಭಾವನ ಬೆಸುಗೆ

ನಮ್ಮ ಭಾವ ಬೇಸ್ ಗಿಟಾರ್ ನುಡಿಸುತ್ತಾರೆ. ಈ ಮಾತನ್ನು ಹದಿನೈದು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅವರು ನುಡಿಸಿದ್ದನ್ನು ಕೇಳಿದ್ದು ಮಾತ್ರ ಒಂದು ಕೈ ಬೆರಳಿಗೆ ಮುಗಿಯುವಷ್ಟು ಸಲ. ಯಾವಾಗ ಹೋದರೂ ಅವರು ರೂಮಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಯಾವುದೋ ಪೆಡಲಿನ ಹೊಟ್ಟೆ ಬಗೆದು, ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದಿರುತ್ತಾರೆ. ಗಿಟಾರು ಮಾತ್ರ ಮದುವೆಮನೆಯಲ್ಲಿ ಗುರುತಿನವರು ಸಿಗದ ನೆಂಟನ ಹಾಗೆ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ.

ಬೆಂಗಳೂರಿನಲ್ಲಿ ಇಂಥವರು ಅಪಾರ್ಟ್‌ಮೆಂಟಿಗೊಬ್ಬರಾದರೂ ಸಿಗುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು. ಭಾನುವಾರ ಕರಿ ಟೀ ಶರ್ಟು, ಅದರ ಮೇಲೆ ಓದಲಾಗದ ಅಕ್ಷರದಲ್ಲಿ ಯಾವುದೋ ಬ್ಯಾಂಡಿನ ಹೆಸರು. ಕಾಲೇಜಿನಲ್ಲಿ ಕೊಂಡ ಶರ್ಟಾದ್ದರಿಂದ ಈಗ ಹೊಟ್ಟೆಯ ಮೇಲೆ ಆ ಅಕ್ಷರಗಳು ಹಿಗ್ಗಿ ಸ್ವಲ್ಪ ಓದುವಂತಾಗಿವೆ. ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಜಾಮ್ ರೂಮಿಗೆ ಹೋಗುತ್ತಾರೆ. ಎರಡು ಗಂಟೆಯ ಬಾಡಿಗೆಯಲ್ಲಿ ಒಂದೂಕಾಲು ಗಂಟೆ ತಂತಿ ಜೋಡಿಸುವುದಕ್ಕೇ ಹೋಗುತ್ತದೆ.

ಬೇಸ್ ನುಡಿಸುವವರಿಗೊಂದು ಹಳೆಯ ದುಃಖವಿದೆ. ಅವರು ನುಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ಮಾತ್ರ ‘ಏನೋ ಕಮ್ಮಿ ಅನ್ನಿಸ್ತು’ ಅನ್ನುತ್ತಾರೆ. ಸಾರಿನಲ್ಲಿ ಇಂಗಿನ ಕಥೆಯೂ ಹೀಗೇ. ಅಕ್ಕನ ಮದುವೆಯಾದ ಹೊಸದರಲ್ಲಿ ನಮ್ಮ ದೊಡ್ಡಮ್ಮ ಆ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, ತಂತಿ ಎಣಿಸಿ, ಬಹಳ ಕನಿಕರದಿಂದ ಕೇಳಿದ್ದರು: “ಇನ್ನೆರಡು ತಂತಿ ಯಾವಾಗ ಹಾಕಿಸ್ತೀರಿ ಅಳಿಯಂದ್ರೇ?” ಭಾವ ನಕ್ಕರು. ಆದರೆ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ ಅಂತ ಅಕ್ಕ ಹೇಳಿದಳು.

ತನ್ನ ಸದ್ದು ನಾಲ್ಕು ಜನರ ಕಿವಿಗೆ ಬೀಳಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲೇ ಇರಬೇಕು. ಪಕ್ಕದಲ್ಲಿ ಲೀಡ್ ಗಿಟಾರಿನ ಹುಡುಗ ಕಾಲಬುಡದ ಡಬ್ಬಿಯೊಂದನ್ನು ಒತ್ತಿದರೆ ಸಾಕು, ಗರಗಸದಿಂದ ತಗಡು ಕೊಯ್ದ ಹಾಗೆ ಸದ್ದು ಎದ್ದು ಬರುತ್ತದೆ. ಅದಕ್ಕೆ ಡಿಸ್ಟಾರ್ಷನ್ ಪೆಡಲ್ ಅನ್ನುತ್ತಾರೆ. ತಂತಿಯಿಂದ ಬಂದ ಅಲೆಯನ್ನು ಮೊದಲು ಹಿಗ್ಗಿಸಿ, ಆಮೇಲೆ ಅದರ ತಲೆಯನ್ನು ಡಯೋಡುಗಳಿಂದ ಚಪ್ಪಟೆಯಾಗಿ ಕತ್ತರಿಸುವುದು, ಇಷ್ಟೇ ಅದರ ಗುಟ್ಟು. ಭಾವ ಒಂದು ದಿನ ಅಂಥದ್ದೊಂದು ಹಸಿರು ಡಬ್ಬಿ, ಟ್ಯೂಬ್ ಸ್ಕ್ರೀಮರ್, ತರಿಸಿದರು. ಅಮೆರಿಕದಿಂದ ಬರುವವರ ಹತ್ತಿರ ಎಲ್ಲರೂ ಚಾಕಲೇಟು, ವಿಟಮಿನ್ ಮಾತ್ರೆ ತರಿಸಿದರೆ ಇವರು ಪೆಡಲ್ ತರಿಸುತ್ತಾರೆ. ಡಬ್ಬಿ ಜೋಡಿಸಿ, ಕಾಲಿಂದ ಒತ್ತಿ, ಕಣ್ಣು ಮುಚ್ಚಿ ನುಡಿಸಿದರು. ಇದ್ದಬದ್ದ ಸದ್ದೂ ತೆಳ್ಳಗಾಗಿ, ರಟ್ಟಿನ ಪೆಟ್ಟಿಗೆಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗಾಯಿತು.

ಅದರ ಕಾರಣವನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನಿದ್ದೆಯಲ್ಲಿ ಕೇಳಿದರೂ ಒಪ್ಪಿಸಬಲ್ಲೆ. ಆ ಡಬ್ಬಿ ಮಾಡಿರುವುದು ಗಿಟಾರಿಗೆ. ಅದರೊಳಗೆ 473 ಅಂತ ಬರೆದ ಒಂದು ಕೆಪಾಸಿಟರ್ ಇದೆ, ಅಂದರೆ 0.047 ಮೈಕ್ರೋಫ್ಯಾರಡ್. ಜೊತೆಗೊಂದು 4.7 ಕಿಲೋ ಓಮಿನ ರೆಸಿಸ್ಟರ್. ಇವೆರಡೂ ಸೇರಿ 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು, ಕೆಳಗಿಳಿದಷ್ಟೂ ಹೆಚ್ಚು ಹೆಚ್ಚಾಗಿ, ತಾತ್ಸಾರ ಮಾಡುತ್ತವೆ. ಗಿಟಾರಿನವರಿಗೆ ಅದು ಒಳ್ಳೆಯದೇ, ಕೆಳಸ್ವರಗಳೆಲ್ಲ ಕಲಸಿ ರಾಡಿಯಾಗುವುದಿಲ್ಲ. ಆದರೆ ಬೇಸಿನ ದಪ್ಪ ತಂತಿ ಮಿಡಿಯುವುದೇ 41 ಹರ್ಟ್ಸ್‌ನಲ್ಲಿ. 24 ಫ್ರೆಟ್ ಇರುವ ಬೇಸಿನಲ್ಲಿ ಸಣ್ಣ ತಂತಿಯ ಕಟ್ಟಕಡೆಯ ಫ್ರೆಟ್ ಹಿಡಿದರೂ 392 ದಾಟುವುದಿಲ್ಲ.

“ನೋಡು, ಮೇಲಿಂದ ಕೆಳಗೆ ಬಾರಿಸಿದ್ರೂ ನಾನು ಆ ಡಬ್ಬಿಯ ಲೆಕ್ಕಕ್ಕೇ ಇಲ್ಲ!” ಅಂದರು ಭಾವ. ಆಫೀಸಿನಲ್ಲಿ ಪ್ರಮೋಷನ್ ತಪ್ಪಿದ ವರ್ಷವೂ ಅವರ ದನಿ ಅಷ್ಟು ನಡುಗಿರಲಿಲ್ಲ.

“ಬೇಸ್‌ಗೇ ಅಂತ ಮಾಡಿದ ಪೆಡಲ್ ಸಿಗಲ್ವಾ ಭಾವ?” ಅಂತ ಕೇಳಿಬಿಟ್ಟೆ. ಸಿಗುತ್ತದೆ. ಬಾಸ್ ಕಂಪನಿಯ ಹಳದಿ ಡಬ್ಬಿಯೊಂದಿದೆ, ಅದರಲ್ಲಿ ಎಲ್ಲವನ್ನೂ ಬೇಸಿಗೆಂದೇ ಹದ ಮಾಡಿಟ್ಟಿದ್ದಾರಂತೆ. ಆದರೆ ಭಾವ ನನ್ನತ್ತ ನೋಡಿದ ರೀತಿ ಇತ್ತಲ್ಲ, ಮನೆಯಲ್ಲಿ ಹುರಿದು ಕುಟ್ಟಿದ ಸಾರಿನ ಪುಡಿ ಮಾಡುವ ಅಜ್ಜಿಯ ಮುಂದೆ ಪ್ಯಾಕೆಟ್ ಪುಡಿಯ ಹೆಸರು ಹೇಳಿದ ಹಾಗಾಯಿತು. ನಾನು ಮತ್ತೆ ಕೇಳಲಿಲ್ಲ.

ಹೀಗೆ ಶುರುವಾಯಿತು, ಡಬ್ಬಿಯ ಬಿಡಿಭಾಗಕ್ಕಾಗಿ ಎಸ್.ಪಿ. ರೋಡಿನ ಯಾತ್ರೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಮೊಣಕೈಯಿಂದ ದಾರಿ ಮಾಡಿಕೊಂಡು, ಕೇಬಲ್ ಸುರುಳಿಗಳ ಕೆಳಗೆ ತಲೆ ಬಗ್ಗಿಸಿ, ಬೀರುವಿನಷ್ಟು ಅಗಲದ ಅಂಗಡಿಯೊಂದರ ಮುಂದೆ ನಿಂತೆವು.

“224 ಫಿಲ್ಮ್ ಕೆಪಾಸಿಟರ್ ಇದೆಯಾ?”

“ಇದೆ ಸಾರ್. ಎಷ್ಟು ಪ್ಯಾಕೆಟ್?”

“ಒಂದು.”

“ಒಂದು ಪ್ಯಾಕೆಟ್ಟಾ?”

“ಅಲ್ಲ. ಒಂದು.”

ಅಂಗಡಿಯವರು ಒಂದು ಕ್ಷಣ ಭಾವನ ಮುಖ ನೋಡಿ, ಬೆರಳ ತುದಿಯಲ್ಲಿ ಹುಣಿಸೆಬೀಜದಷ್ಟು ದೊಡ್ಡ ಕೆಪಾಸಿಟರೊಂದನ್ನು ಎತ್ತಿ ಗಾಜಿನ ಮೇಲಿಟ್ಟರು. ದುಡ್ಡು ಬೇಡ ಅಂದರು. ಭಾವ ಒತ್ತಾಯ ಮಾಡಿ ಐದು ರೂಪಾಯಿ ಕೊಟ್ಟರು. ಆಟೋಗೆ ಹೋಗಿ ಬರಲು ನಾನೂರ ಇಪ್ಪತ್ತಾಗಿತ್ತು.

473ರ ಜಾಗಕ್ಕೆ ಆ ಹುಣಿಸೆಬೀಜ ಹಾಕಿದ ಮೇಲೆ 720ರ ಗಡಿ 154ಕ್ಕೆ ಇಳಿಯಿತು. ಭಾವ ಲೆಕ್ಕ ಹಾಕಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ, ಪಕ್ಕದಲ್ಲೇ ಹಾಲಿನ ಲೆಕ್ಕವೂ ಇದೆ. ಸದ್ದೇನೋ ದಪ್ಪವಾಯಿತು. ಆದರೆ ಈಗ ದಪ್ಪ ಸ್ವರಗಳ ತಲೆಯೂ ಕತ್ತರಿಸಿ ಹೋಗಿ, ಕುಕ್ಕರಿನಲ್ಲಿ ಬೆಂದ ಬೇಳೆಯಂತೆ ಎಲ್ಲ ಒಂದೇ ಮುದ್ದೆ. ಆಮೇಲೆ ಸಿಲಿಕಾನ್ ಡಯೋಡ್ ಕಿತ್ತು ಕೆಂಪು ಎಲ್‌ಇಡಿ ಹಾಕಿದರು. ಸಿಲಿಕಾನ್ 0.6 ವೋಲ್ಟಿಗೇ ಕತ್ತರಿ ಹಾಕುತ್ತದೆ, ಎಲ್‌ಇಡಿ ಸುಮಾರು 1.7ರವರೆಗೆ ತಾಳಿಕೊಳ್ಳುತ್ತದೆ, ಹಾಗಾಗಿ ಸದ್ದಿಗೆ ಉಸಿರಾಡಲು ಜಾಗ ಸಿಗುತ್ತದೆ ಅನ್ನುವುದು ಸಿದ್ಧಾಂತ. ನುಡಿಸಿದಾಗ ಡಬ್ಬಿಯೊಳಗೆ ಕೆಂಪು ದೀಪ ಮಿಣುಕುತ್ತದೆ. ಭಾವನ ಮಗಳು ಅದನ್ನು ನೋಡಿ ಚಪ್ಪಾಳೆ ತಟ್ಟಿದಳು. ಆ ಡಬ್ಬಿಗೆ ಸಿಕ್ಕ ಮೊದಲ ಚಪ್ಪಾಳೆ.

ಅದಕ್ಕೂ ತೃಪ್ತಿಯಿಲ್ಲದೆ ಜರ್ಮೇನಿಯಂ ಡಯೋಡ್ ಬೇಕೆಂದರು. ಅದರ ಕತ್ತರಿ ಇನ್ನೂ ಬೇಗ, ಸುಮಾರು 0.3 ವೋಲ್ಟಿಗೇ ಬೀಳುತ್ತದೆ, ಆದರೆ ಮೆತ್ತಗೆ. ಅಂಗಡಿಯಲ್ಲಿ ಸಿಗಲಿಲ್ಲ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಒಂದಾದರೂ ಇರುತ್ತದೆ, ಮನೆಯಲ್ಲಿ ಅಂಥ ರೇಡಿಯೋ ಇತ್ತು, ಅದು ಅವರ ಅಪ್ಪನದು. ಅಕ್ಕನ ಮಾವನವರು ಮಧ್ಯಾಹ್ನ ಮಲಗಿದ್ದಾಗ ಶಸ್ತ್ರಚಿಕಿತ್ಸೆ ಮುಗಿಯಿತು. ಪಾಪಪ್ರಜ್ಞೆಯಿಂದ ಆ ಜಾಗದಲ್ಲಿ ಸಿಲಿಕಾನ್ ಡಯೋಡ್ ಒಂದನ್ನು ಬೆಸೆದು ಮುಚ್ಚಿಟ್ಟರು. ಆದರೆ ರೇಡಿಯೋದ ಆ ಜಾಗಕ್ಕೆ ಸಿಲಿಕಾನ್ ಒಗ್ಗುವುದಿಲ್ಲ, ಸಣ್ಣ ಅಲೆಗಳನ್ನು ಒಳಗೇ ಬಿಡುವುದಿಲ್ಲ. ಮೂರು ದಿನ ಮಾವನವರು ಬೆಳಗಿನ ವಾರ್ತೆ ಕೇಳಿ ತಲೆಯಾಡಿಸಿದರು: “ಪಾಪ, ವಾರ್ತೆ ಓದೋರಿಗೆ ಗಂಟಲು ಕಟ್ಟಿದೆ. ರಜೆ ಕೊಡಬಾರದಾ?” ನಾಲ್ಕನೇ ದಿನ ಬೇರೆಯವರು ಓದಿದರು. ಅವರಿಗೂ ಗಂಟಲು ಕಟ್ಟಿತ್ತು. ಆಗ ಮಾವನವರು ರೇಡಿಯೋವನ್ನಲ್ಲ, ಮಗನ ಮುಖ ನೋಡಿದರು.

ಮಾವನವರು ಪ್ರಾಯದಲ್ಲಿ ಮೃದಂಗ ಕಲಿತವರು. ಗದರಲಿಲ್ಲ, ಇಷ್ಟೇ ಅಂದರು: “ನಾವು ಎಡಗಡೆ ಮುಖಕ್ಕೆ ರವೆ ಕಲಸಿ ಮೆತ್ತುತಿದ್ವಿ. ಗುಂ ಅನ್ನೋದು. ಕಚೇರಿ ಮುಗಿದ ಮೇಲೆ ಕೆರೆದು ಬಿಸಾಕೋದು. ಆವಾಗ ಯಾರ ರೇಡಿಯೋನೂ ಕೆಟ್ಟಿರಲಿಲ್ಲ.”

ಮಾವನವರ ಮಾತಿಗೆ ಭಾವನ ಹತ್ತಿರ ಉತ್ತರವಿರಲಿಲ್ಲ. ಮಿಕ್ಕವರು ಯಾರಾದರೂ ಈ ಗೊರಗೊರ ಬೇಸಿಗೆ ಯಾಕೆ ಅಂದರೆ ಮಾತ್ರ ಸ್ಥಳಪುರಾಣವೊಂದು ಸಿದ್ಧವಾಗಿದೆ. ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಹಾಡು ರೆಕಾರ್ಡ್ ಆಗುತ್ತಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಸಾಲಿಗೆ ಮಿಕ್ಸರಿನ ಒಂದು ಚಾನೆಲ್ ಕೈಕೊಟ್ಟು ಸದ್ದು ಹರಿದುಹೋಯಿತು. ಅದನ್ನು ಹಾಗೇ ಉಳಿಸಿಕೊಂಡರು, ಹಾಡು 1961ರಲ್ಲಿ ಹಿಟ್ ಆಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಕೆಟ್ಟ ಸದ್ದನ್ನು ಡಬ್ಬಿಯಲ್ಲಿ ತುಂಬುವ ಸರ್ಕ್ಯೂಟ್ ಮಾಡಿದ, 1962ರಲ್ಲಿ ಅದು ಮ್ಯಾಸ್ಟ್ರೋ ಫಜ್-ಟೋನ್ ಆಗಿ ಮಾರುಕಟ್ಟೆಗೆ ಬಂತು. ಪುರಾಣದ ಈ ಘಟ್ಟದಲ್ಲಿ ಭಾವ ಸ್ವಲ್ಪ ತಡೆದು, ದನಿ ತಗ್ಗಿಸಿ, ಎಲ್ಲರ ಮುಖ ನೋಡಿ ಹೇಳುತ್ತಾರೆ: “ಗ್ರೇಡಿ ಮಾರ್ಟಿನ್ ಕೈಯಲ್ಲಿದ್ದದ್ದು ಗಿಟಾರ್ ಅಲ್ಲ. ಬೇಸ್!” ಆರು ತಂತಿಯ ಬೇಸ್. ಆರು ತಂತಿ ಅನ್ನುವುದನ್ನು ದೊಡ್ಡಮ್ಮನ ಮುಂದೆ ಮಾತ್ರ ಹೇಳುವುದಿಲ್ಲ.

ಪುರಾಣದ ಎರಡನೇ ಅಧ್ಯಾಯ 1965ರ ಬೀಟಲ್ಸ್‌ನದು. ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ ಬೇಸನ್ನು ಎರಡು ಸಲ ನುಡಿಸಿದ್ದಾನೆ, ಒಂದು ಸಾಲು ಶುದ್ಧ, ಇನ್ನೊಂದು ಫಜ್ ಹಾಕಿದ್ದು. ಇದು ಗೊತ್ತಾದ ರಾತ್ರಿ ಭಾವನಿಗೆ ಜ್ಞಾನೋದಯವಾಯಿತು. ತಪ್ಪು ಡಬ್ಬಿಯದಲ್ಲ, ಸದ್ದನ್ನು ಎರಡು ದಾರಿಯಾಗಿ ಒಡೆಯಬೇಕು. ಒಂದು ದಾರಿ ಡಬ್ಬಿಯೊಳಗೆ ಹೋಗಿ ಹರಿದುಕೊಂಡು ಬರಲಿ, ಇನ್ನೊಂದು ಮೈಗೆ ಏನೂ ಅಂಟಿಸಿಕೊಳ್ಳದೆ ಹೊರಗಿಂದಲೇ ಬರಲಿ. ಕೊನೆಯಲ್ಲಿ ಎರಡನ್ನೂ ಕೂಡಿಸುವುದು. ಅದಕ್ಕೆ ಬ್ಲೆಂಡ್ ಅಂತ ಹೆಸರು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. “ಅಲ್ಲಾರೀ, ಡಬ್ಬಿ ಹಾಕೋಕೆ ಮುಂಚೆ ಏನಿತ್ತೋ ಅದನ್ನೇ ಡಬ್ಬಿ ಹಾಕಿದ ಮೇಲೆ ವಾಪಸ್ ಬೆರೆಸ್ತೀರಾ? ಸಾರಿಗೆ ಉಪ್ಪು ಜಾಸ್ತಿಯಾದಾಗ ನಾನು ನೀರು ಹಾಕಿದ್ರೆ ಮೂರು ದಿನ ಆಡಿಕೋತೀರಿ.”

ಬ್ಲೆಂಡ್ ಡಬ್ಬಿ ತಾವೇ ಕಟ್ಟಿದರು. ಮೊದಲ ದಿನ ಎರಡು ದಾರಿಯನ್ನೂ ಕೂಡಿಸಿದ್ದೇ ತಡ, ಇದ್ದ ದಪ್ಪವೂ ಮಾಯ! ಕೆಲವು ಸರ್ಕ್ಯೂಟುಗಳು ಅಲೆಯನ್ನು ತಲೆಕೆಳಗು ಮಾಡಿ ಕೊಡುತ್ತವಂತೆ. ಒಂದು ದಾರಿಯ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ, ಎರಡೂ ಸೇರಿ ಸೊನ್ನೆ. ಒಬ್ಬರು ಬಾವಿಯಿಂದ ಹಗ್ಗ ಎಳೆಯುತ್ತಿರುವಾಗ ಇನ್ನೊಬ್ಬರು ಇಳಿಬಿಟ್ಟರೆ ಕೊಡ ಮೇಲೆ ಬಂದೀತೆ? ಇದನ್ನು ಪತ್ತೆ ಮಾಡಲು ಮೂರು ಭಾನುವಾರ, ಸರಿಮಾಡಲು ಇನ್ನೊಂದು ಭಾನುವಾರ ಬೇಕಾಯಿತು. ಜಾಮ್ ರೂಮಿನ ಡ್ರಮ್ಮಿನವನು ಅಷ್ಟರಲ್ಲಿ ಮದುವೆಯಾಗಿ, ಹನಿಮೂನಿಗೂ ಹೋಗಿ ಬಂದ.

ನಡುವೆ ರಷ್ಯಾದ ಡಬ್ಬಿಯ ಪ್ರಸಂಗವೂ ಆಯಿತು. 90ರ ದಶಕದಲ್ಲಿ ಅಲ್ಲಿ ತಯಾರಾದ ಹಸಿರು ಬಿಗ್ ಮಫ್ ಬೇಸಿನವರಿಗೆ ಬಲು ಪ್ರಿಯ, ಕೆಳಸ್ವರವನ್ನು ಅಷ್ಟಾಗಿ ತಿನ್ನುವುದಿಲ್ಲ. ಬಣ್ಣ ಮಿಲಿಟರಿಯದು, ತೂಕವೂ ಹಾಗೇ. ಅದನ್ನು ಸೂಟ್‌ಕೇಸಿನಲ್ಲಿ ತಂದ ಗೆಳೆಯ ವಿಮಾನ ನಿಲ್ದಾಣದಲ್ಲಿ ಅರ್ಧ ಗಂಟೆ ಅದರ ಉಪಯೋಗ ವಿವರಿಸಬೇಕಾಯಿತು. “ಸದ್ದು ಕೆಡಿಸೋಕೆ ಸಾರ್” ಅಂದನಂತೆ. ಅವನು ಈಗ ಭಾವನ ಫೋನ್ ಎತ್ತುವುದಿಲ್ಲ.

ಕೊನೆಗೂ ಕಳೆದ ನವೆಂಬರಿನಲ್ಲಿ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಬ್ಯಾಂಡಿಗೆ ಕರೆ ಬಂತು. ಒಂದೇ ಹಾಡು, ಅದೂ ಭಾವಗೀತೆ. ಭಾವಗೀತೆಗೆ ಡಿಸ್ಟಾರ್ಷನ್ ಯಾಕೆ ಅಂತ ಕೇಳಬೇಕೆನ್ನಿಸಿತು, ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಮಾವನವರು, ಅಕ್ಕ, ನಾನು. ಊರಿಂದ ಬಂದ ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತು ಮತ್ತೆ ತಂತಿ ಎಣಿಸುತ್ತಿದ್ದರು. ಹಾಡು ಶುರುವಾಯಿತು. ಎರಡನೇ ಸಾಲಿಗೆ ಭಾವ ಬಗ್ಗಿ ನೋಡಿ ಡಬ್ಬಿ ಒತ್ತಿದರು. ಪ್ಲಾಸ್ಟಿಕ್ ಕುರ್ಚಿಗಳು ಅಂಡಿನಡಿ ಸಣ್ಣಗೆ ನಡುಗಿದವು.

ಅಸೋಸಿಯೇಷನ್ ಸೆಕ್ರೆಟರಿ ಎದ್ದು ನಿಂತರು. “ಜನರೇಟರ್ ಯಾರ್ರೀ ಆನ್ ಮಾಡಿದ್ದು? ಕರೆಂಟ್ ಇದೆಯಲ್ಲ! ಡೀಸೆಲ್ ಏನು ಬಿಟ್ಟಿ ಬರುತ್ತಾ?” ಅನ್ನುತ್ತ, ಸೆಕ್ಯುರಿಟಿಯವನನ್ನು ಕರೆದುಕೊಂಡು ಬೇಸ್‌ಮೆಂಟಿಗೆ ಓಡಿದರು.

ಹಾಡು ಮುಗಿದು, ವೈರು ಸುತ್ತುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದು ಸ್ಟೇಜಿನ ಪಕ್ಕ ನಿಂತರು. “ಆಫ್ ಆಗೇ ಇದೆ ಸಾರ್. ಆದ್ರೆ ಗುಂಯ್ ಅಂತ ಸೌಂಡ್ ಬರ್ತಾನೇ ಇತ್ತು.”

ಭಾವ ವೈರು ಸುತ್ತುವುದನ್ನು ನಿಲ್ಲಿಸಿದರು. “ಕೇಳಿಸ್ತಾ ನಿಮಗೆ?”

“ಗೇಟ್ ತನಕ ಕೇಳಿಸ್ತು ಸಾರ್!”

“ಪೂರ್ತಿ ಹಾಡಿಗೂ?”

“ಕೊನೇವರೆಗೂ. ಥೇಟ್ ನಮ್ಮ ಜನರೇಟರೇ.”

ಹದಿನೈದು ವರ್ಷದಲ್ಲಿ ಭಾವನ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. ಸೆಕ್ರೆಟರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಜನರೇಟರಿನ ಕರೆಂಟು 50 ಹರ್ಟ್ಸ್ ಸಾರ್,” ಅಂದರು. “ನಾನು ನುಡಿಸಿದ್ದು ಜಿ. ಅದು 49.”