ಗುಳ್ಳದ ಊರಲ್ಲಿ ಗೇಮಿಂಗ್ ಪಿಸಿ

ಉಡುಪಿ ಬಳಿಯ ನಮ್ಮ ಮಟ್ಟುವಿನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಗುಳ್ಳ ಬದನೆಯ ಗದ್ದೆ. ಅಲ್ಲೇ ನಮ್ಮ ಮನೆ, ಮನೆಯೊಳಗೆ ಮಗನ ಗೇಮಿಂಗ್ ಕಂಪ್ಯೂಟರ್. 2011ರಲ್ಲಿ ಜಿಐ ಮಾನ್ಯತೆ ಪಡೆದ ಗುಳ್ಳಕ್ಕೆ ಈ ಉಪ್ಪುಗಾಳಿ ಒಗ್ಗಿದೆ, ಕಂಪ್ಯೂಟರಿಗೆ ಒಗ್ಗಲಿಲ್ಲ. ಆಟ ರಂಗೇರುವಾಗಲೇ ಗಪ್ಪನೆ ನಿಲ್ಲುತ್ತದೆ, ಇಲ್ಲವಾದರೆ ನೀಲಿ ಪರದೆ. ಕಿಟಕಿಯಾಚೆ ಅರಬ್ಬೀ ಸಮುದ್ರವೇ ಇರುವವರಿಗೆ ಇನ್ನೊಂದು ನೀಲಿ ಎಂತಕ್ಕೆ?

"ಕರೆಂಟಿನದ್ದೇ ತೊಂದರೆ" ಎಂದೆ ನಾನು. (ನನಗೆ ಗೊತ್ತಿರುವ ರೋಗ ಅದೊಂದೇ.) "ಗ್ರಾಫಿಕ್ಸ್ ಡ್ರೈವರ್ ಅಪ್ಪಾ" ಎಂದ ಮಗ. ಅಮ್ಮ ಯಾರ ಮಾತನ್ನೂ ಕೇಳದೆ ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.

ಕೊನೆಗೆ ಮಣಿಪಾಲದಲ್ಲಿ ಓದುವ ಅಳಿಯ ಬಂದು ಉಷ್ಣತೆ ನೋಡಿದ. ಪ್ರೊಸೆಸರ್ 98 ಡಿಗ್ರಿ! "ಮಾವ, ಇದರ ಮೇಲೆ ನೀರುದೋಸೆ ಹೊಯ್ಯಬಹುದು ಮಾರಾಯ್ರೆ." ಡಬ್ಬದ ಬಾಗಿಲು ತೆಗೆದರೆ ಫ್ಯಾನಿನಲ್ಲಿ ಧೂಳು, ಮರಳು, ಹಲ್ಲಿಯ ಒಂದು ಬಾಲ. ಹಲ್ಲಿ ನಾಪತ್ತೆ. ಹಪ್ಪಳದಂತೆ ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದು ಹಾಕಿದ. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದ. ತೇವಕ್ಕೆ ಕಿಲುಬು ಹಿಡಿದರೆ ಅದೇ ಮದ್ದಂತೆ. ಸಾವಿರಾರು ರೂಪಾಯಿಯ ಯಂತ್ರಕ್ಕೆ ಐದು ರೂಪಾಯಿಯ ರಬ್ಬರು! ಆಮೇಲೆ ರಾತ್ರಿಯಿಡೀ ಮೆಮೊರಿ ಪರೀಕ್ಷೆ, ಒಂದೂ ತಪ್ಪಿಲ್ಲ.

ಅಮ್ಮ ಮಾತ್ರ ಮೆಣಸಿನದ್ದೇ ಮಹಿಮೆ ಎನ್ನುತ್ತಾಳೆ. ಈಗ ಕಂಪ್ಯೂಟರ್ ನಿಲ್ಲುವುದಿಲ್ಲ. ಗುಳ್ಳಕ್ಕೆ ನೀರು ಬಿಟ್ಟು ಬಾ ಎಂದರೆ ಮಗ ಹ್ಯಾಂಗ್ ಆಗುತ್ತಾನೆ.