ಸರಗಳ್ಳರಲ್ಲಿ ಒಂದು ಅರಿಕೆ

ಮಾನ್ಯ ಸರಗಳ್ಳರೇ,

ನಸುಕಿನಲ್ಲಿ ರಂಗೋಲಿ ಹಾಕುತ್ತಿದ್ದ ನಮ್ಮಮ್ಮನ ಕೊರಳಿಗೆ ಕೈ ಹಾಕಿದವರು ನೀವು. ಸರ ನಿಮಗೇ ಇರಲಿ. ನಮಗೀಗ ಬೇಕಾಗಿರುವುದು ನಿಮ್ಮದೊಂದು ಸಹಿ.

ನೀವು ಎಳೆದ ರಭಸಕ್ಕೆ ಅಮ್ಮ ಚರಂಡಿ ಕಲ್ಲಿನ ಮೇಲೆ ಬಿದ್ದು ತೊಡೆಮೂಳೆ ಮುರಿದುಕೊಂಡರು. ರಾಡ್ ಹಾಕಿದ್ದಾರೆ. ಹೂ ಕಟ್ಟಿ ಮಾರುತ್ತಿದ್ದವರು ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿಬಂದರೆ ಸಾಕಪ್ಪಾ ಎನ್ನುತ್ತಾರೆ. ಅಪರಾಧದಿಂದ ನೊಂದವರಿಗೆ ಸರ್ಕಾರವೇ ಪರಿಹಾರ ಕೊಡುತ್ತೆ, ಕರ್ನಾಟಕದಲ್ಲಿ ಅದಕ್ಕೆಂದೇ 2011ರ ಯೋಜನೆ ಇದೆ ಎಂದು ಪರಿಚಯದ ವಕೀಲರು ಹೇಳಿದರು. ಎಫ್‌ಐಆರ್ ನಕಲು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಆಧಾರ್, ಪಾಸ್‌ಬುಕ್ ಎಲ್ಲ ಜೆರಾಕ್ಸ್ ಮಾಡಿಸಿಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದೆ.

ಇವತ್ತು ಕೇಸ್ ವರ್ಕರ್ ಸಾಹೇಬರ ಊಟ, ಊಟದ ನಂತರದ ಕಾಫಿ ಎರಡೂ ಮುಗಿದ ಮೇಲೆ ನಮ್ಮ ಕಡತ ತೆರೆಯಿತು. ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದಿದೆ. ಅದರ ಸುತ್ತ ಪೆನ್ಸಿಲ್‌ನಲ್ಲಿ ನಿಧಾನವಾಗಿ ಸೊನ್ನೆ ಸುತ್ತಿದರು. "ಕಳ್ಳ ಸಿಕ್ಕಿಲ್ವಲ್ಲಮ್ಮ. ಸಿಗಲಿ, ಆಮೇಲೆ ಬನ್ನಿ."

ಸ್ಟೇಷನ್‌ನವರು ಕಳ್ಳ ಪತ್ತೆಯಾಗಿಲ್ಲ ಎಂದು ಸಿ ರಿಪೋರ್ಟ್ ಹಾಕಿ ಕೈ ತೊಳೆದುಕೊಂಡಾಗಿದೆ, ಇನ್ನೆಲ್ಲಿಂದ ಸಿಗಬೇಕು ಸಾರ್ ಎಂದೆ. "ಅದನ್ನ ಸ್ಟೇಷನ್‌ನಲ್ಲೇ ಕೇಳಿ." ಅಲ್ಲಿ ಕೇಳಿದರೆ ಪರಿಹಾರ ನಮ್ಮ ಕೆಲಸ ಅಲ್ಲ ಅಂತಾರೆ.

ಆದ್ದರಿಂದ ಇನ್ನು ನೀವೇ ಗತಿ. ಒಂದು ಸಲ ಬಂದು 'ಸರ ಕಿತ್ತಿದ್ದು ನಾನೇ' ಎಂದು ಸಹಿ ಹಾಕಿ ಹೋಗಿ. ಅವತ್ತಿನ ಹೆಲ್ಮೆಟ್ ತೆಗೆಯಬೇಕಿಲ್ಲ. ಫೋಟೊ ಕೇಳಿದರೆ ಹೆಲ್ಮೆಟ್ ಹಾಕಿಕೊಂಡೇ ತೆಗೆಸಿ, ಯಾರೂ ನೋಡೋದಿಲ್ಲ. ಊಟದ ಹೊತ್ತಿಗೆ ಮಾತ್ರ ಬರಬೇಡಿ.

ತಮಾಷೆ ಸಾಕು. ಹಳೆಯ ಸಿಆರ್‌ಪಿಸಿಯ 357ಎ ಕಲಂ, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ, ಎರಡೂ ಹೇಳುವುದು ಒಂದೇ: ಅಪರಾಧಿ ಪತ್ತೆಯಾಗದೆ ಕೇಸು ಕೋರ್ಟಿನ ಮೆಟ್ಟಿಲು ಹತ್ತದಿದ್ದರೂ ನೊಂದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಎಲ್ಲ ಕಳ್ಳರೂ ಸಿಗುವುದಿಲ್ಲ ಅಂತ ಗೊತ್ತಿದ್ದೇ ಈ ಮಾತು ಬರೆದಿದ್ದಾರೆ. ಕೊಡುವ ದುಡ್ಡು ಕಳ್ಳನ ಜೇಬಿನದಲ್ಲ, ಸರ್ಕಾರದ ನಿಧಿಯದು. ಮತ್ತೆ ಕಳ್ಳ ಯಾಕ್ರೀ ಬೇಕು? ಕಲಂ ಅನ್ನು ಮೊಬೈಲಿನಲ್ಲಿ ತೋರಿಸಿದೆ. "ನಮಗೆ ಸರ್ಕ್ಯುಲರ್ ಬಂದಿಲ್ಲ" ಎಂದು ಗೋಡೆ ಗಡಿಯಾರ ನೋಡಿದರು. 2009ರ ಕೊನೆಯಲ್ಲಿ ಜಾರಿಗೆ ಬಂದ ಮಾತಿಗೆ ಇನ್ನೂ ಸರ್ಕ್ಯುಲರ್ ಕಾಯುತ್ತಿದ್ದಾರೆ! ಕಾಲು ಮುರಿದಿದ್ದು ನಿಜ, ರಾಡ್ ಒಳಗಿರುವುದು ನಿಜ, ಸಾಲ ನಿಜ. ಅಷ್ಟು ಸಾಲದು, ಕಳ್ಳನನ್ನೂ ನಾವೇ ಹಿಡಿದು ತರಬೇಕು. ನಾಚಿಕೆ ಆಗಬೇಕು ಇವರಿಗೆ.

ಸೋಮವಾರ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲೇ ಹಾಕುತ್ತೇನೆ. ತಿರಸ್ಕರಿಸುವುದಾದರೆ ಬರವಣಿಗೆಯಲ್ಲಿ ತಿರಸ್ಕರಿಸಲಿ, ವಕೀಲರು ಕಾಯುತ್ತಿದ್ದಾರೆ. ನಿಮ್ಮಲ್ಲಿ ಇನ್ನೊಂದೇ ಕೋರಿಕೆ: ಮುಂದಿನ ಸಲ ಯಾರ ಕೊರಳಿಗಾದರೂ ಕೈ ಹಾಕಿದರೆ, ದಯವಿಟ್ಟು ನಿಮ್ಮ ಆಧಾರ್ ಜೆರಾಕ್ಸ್ ಒಂದನ್ನು ಅಲ್ಲೇ ಬೀಳಿಸಿ ಹೋಗಿ. ಎರಡೂ ಬದಿ ಇರಲಿ, ಒಂದೇ ಬದಿ ಇದ್ದರೆ ವಾಪಸ್ ಕಳಿಸುತ್ತಾರೆ.

ಇಂತಿ,
ಫಿರ್ಯಾದಿಯ ಮಗಳು