ಚಕ್ರದ ಸುದ್ದಿ ಎತ್ತಬೇಡಿ: ಸ್ಕೇಟ್‌ಬೋರ್ಡ್ ಟ್ರಕ್ಕಿನ ಸಂದರ್ಶನ

ಬೇಸಿಗೆ ರಜೆ ಮುಗಿಯಿತು. ಅಪಾರ್ಟ್‌ಮೆಂಟಿನ ಕಸದ ಕೋಣೆ ತುಂಬ ಬಣ್ಣಬಣ್ಣದ ಸ್ಕೇಟ್‌ಬೋರ್ಡು. ಏಪ್ರಿಲ್‌ನಲ್ಲಿ ಆನ್‌ಲೈನಿನಲ್ಲಿ ಬಂದವು, ಜೂನ್‌ಗೆ ಕಸ. ನಮ್ಮ ಸಂಘದವರು ‘ಸ್ಕೇಟ್‌ಬೋರ್ಡ್ ನಿಷೇಧಿಸಲಾಗಿದೆ’ ಎಂದು ಫಲಕವನ್ನೂ ನೆಟ್ಟಿದ್ದಾರೆ. ನಮ್ಮ ಮನೆಯ ಮಿಕ್ಸಿ ಕೆಟ್ಟ ಪ್ರಕರಣವೂ ಒಂದಿದೆ, ಅದನ್ನು ಇಲ್ಲಿ ತೆಗೆಯುವುದಿಲ್ಲ.

ಸ್ಯಾನ್ ಹೋಸೆಯಿಂದ ಬಂದಿದ್ದ ತಂಗಿಯ ಮಗ ತನ್ನ ಹಳೆಯ ಬೋರ್ಡನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದಾನೆ. ಹಲಗೆಗೂ ಚಕ್ರಕ್ಕೂ ನಡುವೆ ಕೂತು ಬೋರ್ಡನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಅಲ್ಯುಮಿನಿಯಂ ಮಹಾಶಯನೇ ಟ್ರಕ್. ಒಂದು ಬೋರ್ಡಿಗೆ ಇಬ್ಬರು. ಮುಂದಿನವರು ಮಾತಿಗೆ ಒಪ್ಪಿದರು.

ನಾನು: ನಮಸ್ಕಾರ. ಈಗ ಎಲ್ಲರೂ ‘ಇನ್ನೂ ನಯವಾಗಿ, ಇನ್ನೂ ಚುರುಕಾಗಿ ತಿರುಗುವ’ ಟ್ರಕ್ ಅಂತ ಜಾಹೀರಾತು ಕೊಡುತ್ತಿದ್ದಾರೆ. ಏನನ್ನಿಸುತ್ತೆ?

ಟ್ರಕ್: ಮೊದಲು ಇದು ಹೇಳಿ. ಸಂದರ್ಶನ ನನ್ನದೋ, ಚಕ್ರದ್ದೋ?

ನಾನು: ತಮ್ಮದೇ.

ಟ್ರಕ್: ಹಾಗಾದರೆ ಸರಿ. ಎಲ್ಲಿ ಹೋದರೂ 1972, 1972! ಫ್ರಾಂಕ್ ನ್ಯಾಸ್‌ವರ್ದಿ ಪಾಲಿಯುರೆಥೇನ್ ಚಕ್ರ ತಂದ, ಸ್ಕೇಟ್‌ಬೋರ್ಡಿಂಗ್ ಉದ್ಧಾರ ಆಗಿಬಿಡ್ತು! ಅದಕ್ಕೆ ಮುಂಚಿನದು ಜೇಡಿಮಣ್ಣಿನ ಮಿಶ್ರಣದ ಚಕ್ರ. ಸಣ್ಣ ಕಲ್ಲು ಅಡ್ಡ ಬಂದರೂ ಬೋರ್ಡು ಅಲ್ಲೇ, ಸವಾರ ಮುಂದೆ. ಒಪ್ಪಿದೆ. ಆದರೆ ಚಕ್ರ ಮಾಡೋ ಕೆಲಸ ಏನು? ಉರುಳೋದು. ಕುಂಬಳಕಾಯೂ ಉರುಳುತ್ತೆ. ತಿರುಗಿಸೋರು ಯಾರು ಸ್ವಾಮಿ?

ನಾನು: ಅದೇ, ತಿರುಗಿಸೋದು ಹೇಗೆ?

ಟ್ರಕ್: ಹಲಗೆಗೆ ಬಿಗಿದ ಬೇಸ್‌ಪ್ಲೇಟ್. ಅದರಿಂದ ಓರೆಯಾಗಿ ಎದ್ದ ದಪ್ಪ ಬೋಲ್ಟು, ಕಿಂಗ್‌ಪಿನ್. ಅದಕ್ಕೆ ಸಿಕ್ಕಿಸಿದ ಹ್ಯಾಂಗರ್, ಅದರೊಳಗೆ ಆಕ್ಸಲ್. ಹ್ಯಾಂಗರಿನ ಮೇಲೊಂದು, ಕೆಳಗೊಂದು ಯುರೆಥೇನ್ ಬುಶ್. ಸವಾರ ಬಲಕ್ಕೆ ವಾಲಿದರೆ ಬುಶ್ಶಿನ ಒಂದು ಪಕ್ಕ ಅದುಮಿಕೊಳ್ಳುತ್ತೆ, ನಾನು ಓರೆ ಅಕ್ಷದ ಸುತ್ತ ಹೊರಳಿ ಆಕ್ಸಲನ್ನು ಬಲಕ್ಕೆ ತಿರುಗಿಸ್ತೀನಿ. ಹಿಂದಿನವನು ಉಲ್ಟಾ ತಿರುಗ್ತಾನೆ. ವಾಲೋದು ಬಿಟ್ಟರೆ ಬುಶ್ ಉಬ್ಬಿ ನಮ್ಮಿಬ್ಬರನ್ನೂ ನೇರ ಮಾಡುತ್ತೆ. ಇಳಿಜಾರಿನಲ್ಲಿ ಹೋಗೋ ಲಾಂಗ್‌ಬೋರ್ಡಿನವರು ಅಕ್ಷದ ಓರೆ 50 ಡಿಗ್ರಿ ಬೇಕೋ 45 ಬೇಕೋ ಅಂತ ಆರಿಸ್ಕೊಳ್ತಾರೆ. ಡಿಗ್ರಿ ಇಳಿದಷ್ಟೂ ತಿರುವು ಮಂದ, ವೇಗದಲ್ಲಿ ನಡುಕ ಕಡಿಮೆ.

ನಾನು: ಬುಶ್ ಅಂದಿರಿ. ಬಿಡಿಯಾಗಿ ಸಿಗುತ್ತಾ?

ಟ್ರಕ್: ಸಿಗುತ್ತೆ. 78ಎ ಅಂದರೆ ಮೆತ್ತಗೆ, 100ಎ ಅಂದರೆ...

ನಾನು: ಬಿಡಿಯಾಗಿ! ನಮ್ಮ ಮಿಕ್ಸಿಯ ಕಪ್ಲರ್ ಸವೆದಾಗ ಸರ್ವಿಸ್ ಸೆಂಟರಿನವನು ಏನಂದ ಗೊತ್ತಾ? ‘ಆ ಮಾಡೆಲ್ ನಿಂತೋಗಿದೆ ಸಾರ್, ಎಕ್ಸ್‌ಚೇಂಜ್ ಆಫರ್ ಇದೆ.’ ಅಷ್ಟುದ್ದದ ರಬ್ಬರಿಗೋಸ್ಕರ ಇಡೀ ಮಿಕ್ಸಿ...

ಟ್ರಕ್: ನನ್ನ ಸಂದರ್ಶನ.

ನಾನು: ಕ್ಷಮಿಸಿ. ಮೂಲ ಊರು?

ಟ್ರಕ್: ನ್ಯೂಯಾರ್ಕ್, 1863. ಜೇಮ್ಸ್ ಪ್ಲಿಂಪ್ಟನ್ ಅನ್ನೋರು ರೋಲರ್ ಸ್ಕೇಟಿಗೆ ರಬ್ಬರ್ ಮೆತ್ತೆ ಇಟ್ಟು, ವಾಲಿದ ಕಡೆ ತಿರುಗೋ ಹಾಗೆ ಮಾಡಿ ಪೇಟೆಂಟ್ ತಗೊಂಡರು. ಆ ಮನುಷ್ಯ ಸ್ಕೇಟ್ ಮಾರ್ತಾ ಇರಲಿಲ್ಲ, ಬಾಡಿಗೆಗೆ ಕೊಡ್ತಾ ಇದ್ದರು.

ನಾನು: ಬಾಡಿಗೆ! ಅಂದರೆ ರಬ್ಬರ್ ಸವೆದರೆ ತಲೆನೋವು ಮಾಲೀಕನದ್ದೇ! ಮಿಕ್ಸಿ ಕಂಪನಿಯವರನ್ನೂ ಹಾಗೇ...

ಟ್ರಕ್: ಪ್ಲಿಂಪ್ಟನ್ ಮಿಕ್ಸಿ ಮಾಡಲಿಲ್ಲ. ಮುಂದೆ ಕೇಳಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ರೋಲರ್ ಸ್ಕೇಟ್ ಕಿತ್ತು ಹಲಗೆಗೆ ಹೊಡೆದರು. ಬಹಳ ಕಾಲ ಆ ಸಪೂರ ಟ್ರಕ್ಕಿನಲ್ಲೇ ಬದುಕಿದ್ವಿ. ಆಮೇಲೆ ಬಂತಲ್ಲ ಚಕ್ರ ಮಹಾರಾಜ! ಹಿಡಿತ ಹೆಚ್ಚಾಯಿತು, ವೇಗ ಹೆಚ್ಚಾಯಿತು, ಭಾರವೆಲ್ಲ ನಮ್ಮ ತಲೆ ಮೇಲೆ. 1970ರ ದಶಕದ ನಡುವೆ ಬೆನೆಟ್, ಟ್ರ್ಯಾಕರ್ ಅಂತ ಸ್ಕೇಟ್‌ಬೋರ್ಡಿಗೇ ಮಾಡಿದ ಅಗಲದ ಟ್ರಕ್ ಬಂದ್ವು. ಸವಾರರ ತಕರಾರು ಏನು ಗೊತ್ತಾ? ಬೆನೆಟ್ ತಿರುಗುತ್ತೆ ಆದರೆ ಮುರಿಯುತ್ತೆ, ಟ್ರ್ಯಾಕರ್ ಮುರಿಯೊಲ್ಲ ಆದರೆ ತಿರುಗೊಲ್ಲ. ಎರಡೂ ಬೇಕು ಅಂತಲೇ 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಡಿಪೆಂಡೆಂಟ್ ಹುಟ್ಟಿದ್ದು. ಚಕ್ರ ಇಷ್ಟು ಕಷ್ಟ ಪಟ್ಟಿದೆಯಾ?

ನಾನು: ಕಾಂಕ್ರೀಟ್ ಅಂಚಿನ ಮೇಲೆ ನಿಮ್ಮ ಮೈ ಉಜ್ಜಿಕೊಂಡು ಹೋಗ್ತಾರಲ್ಲ, ಗ್ರೈಂಡ್ ಅಂತ. ಹ್ಯಾಂಗರ್ ಅರ್ಧ ಸವೆದಿದೆ. ಬೇಜಾರಿಲ್ಲವೇ?

ಟ್ರಕ್: ಅದೇನು ದೊಡ್ಡದಲ್ಲ.

ನಾನು: 2017ರಲ್ಲಿ ನಿಮ್ಮ ಅಂತರರಾಷ್ಟ್ರೀಯ ಒಕ್ಕೂಟ ರೋಲರ್ ಸ್ಪೋರ್ಟ್ಸ್‌ನವರ ಜೊತೆ ಸೇರಿ ‘ವರ್ಲ್ಡ್ ಸ್ಕೇಟ್’ ಆಯಿತು. ಭಾರತದಲ್ಲೂ ನೀವು ರೋಲರ್ ಸ್ಕೇಟಿಂಗ್ ಫೆಡರೇಷನ್ ಕೈಕೆಳಗೆ. ಕಿತ್ತುಕೊಂಡ ಮಾಲು ಮಾಲೀಕರ ಮನೆಗೇ ಮರಳಿದ ಹಾಗಾಯಿತಲ್ಲ?

ಟ್ರಕ್: ಇರಲಿ ಬಿಡಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 13 ವರ್ಷದ ಮೊಮಿಜಿ ನಿಶಿಯಾ ಚಿನ್ನ ಗೆದ್ದಳು. ಅದನ್ನೂ ಚಕ್ರ ತನ್ನ ಖಾತೆಗೇ ಬರ್ಕೊಂಡಿರುತ್ತೆ.

ನಾನು: ಹೊಸ ವಿನ್ಯಾಸದ ಮಾತಿಗೆ ಬರೋಣ.

ಟ್ರಕ್: ಕಿಂಗ್‌ಪಿನ್ ಹೊರಮುಖ ಮಾಡಿದರು, ಲಾಂಗ್‌ಬೋರ್ಡಿಗೆ ಒಪ್ಪಿತು. ವೆನಿಸ್ ಬೀಚಿನ ಕಾರ್ವರ್‌ನವರು ಮುಂದಿನ ಟ್ರಕ್ಕಿಗೆ ಸ್ಪ್ರಿಂಗ್ ಇಟ್ಟ ತೋಳು ಜೋಡಿಸಿದರು, ಸರ್ಫಿಂಗ್ ಮಾಡೋರು ನೆಲದ ಮೇಲೂ ಓಲಾಡಬಹುದು. ಬೇಡ ಅನ್ನಲ್ಲ. ಆದರೆ ಹೊಸ ಟ್ರಕ್ ಕೊಳ್ಳೋನ ಹಳೆ ಟ್ರಕ್ ಒಮ್ಮೆ ನೋಡಿ. ಬುಶ್ ಬಿರುಕು ಬಿಟ್ಟು ಚಪ್ಪಟೆ. ಹ್ಯಾಂಗರಿನ ಮೂತಿ ಕೂರೋ ಪಿವಟ್ ಕಪ್ ಕಿರುಗುಟ್ಟುತ್ತೆ. ನಟ್ಟನ್ನು ಬುಶ್ ಪಿಚ್ಚನೆ ಹೊರಬರೋವರೆಗೂ ಬಿಗಿದಿರ್ತಾನೆ. 80 ಕಿಲೋ ಆಳಿಗೆ ಸರಿಹೋಗೋ ಬುಶ್ಶನ್ನು 40 ಕಿಲೋ ಹುಡುಗಿಗೂ ಹಾಕಿ, ನಯವಾಗಿ ತಿರುಗೊಲ್ಲ ಅಂತ ದೂರು. ನೆಲದ ಕಡೆಗಿರೋ ಬುಶ್ ತೆಗೆದು ಶಂಕುವಿನಾಕಾರದ್ದು ಹಾಕಿದ್ದರೆ ಅಷ್ಟರಲ್ಲೇ ಚುರುಕಾಗ್ತಿತ್ತು.

ನಾನು: ಅದನ್ನೇ ನಾನೂ ಹೇಳಿದ್ದು! ಕಪ್ಲರ್ ಒಂದನ್ನು ಕೊಟ್ಟಿದ್ದರೆ ಚಟ್ನಿ ಆಗ್ತಿತ್ತು! ಕುಕ್ಕರಿನ ಗ್ಯಾಸ್ಕೆಟ್, ಕೊಡೆಯ ಕಡ್ಡಿ, ಫ್ಯಾನಿನ ಬೇರಿಂಗ್... ಅಂದ ಹಾಗೆ, ಕಸದ ಕೋಣೆಯಲ್ಲಿರುವ ಬೋರ್ಡುಗಳ ಟ್ರಕ್ ನೋಡಿದಿರಾ?

ಟ್ರಕ್: ಅವನ್ನು ನನ್ನ ಬಳಗಕ್ಕೆ ಸೇರಿಸಬೇಡಿ. ಪ್ಲಾಸ್ಟಿಕ್ಕಿನ ಮೈ. ಬುಶ್ ಇರಬೇಕಾದ ಕಡೆ ಯಾರು ಅದುಮಿದರೂ ತಗ್ಗದ ಗಟ್ಟಿ ತುಂಡು. ಏಳು ವರ್ಷದ ಮಗು, ಇಪ್ಪತ್ತು ಕಿಲೋ ತೂಕ, ಮೈಯೆಲ್ಲ ವಾಲಿಸುತ್ತೆ. ಅದು ಕೂದಲೆಳೆಯಷ್ಟೂ ತಿರುಗೊಲ್ಲ. ಮಗು ಇನ್ನಷ್ಟು ವಾಲುತ್ತೆ. ಬೋರ್ಡು ನೇರ ಹೋಗುತ್ತೆ, ಮಗು ಪಕ್ಕಕ್ಕೆ ಬಿದ್ದು ಮಣಿಕಟ್ಟು ಮುರ್ಕೊಳ್ಳುತ್ತೆ. ಮನೆಯವರು ಏನಂತಾರೆ? ‘ನಿನಗೆ ಬ್ಯಾಲೆನ್ಸ್ ಇಲ್ಲ.’ ಮಗು ಅದನ್ನು ನಂಬುತ್ತೆ. ತಿರುಗದ ವಸ್ತುವನ್ನು ತಿರುಗುತ್ತೆ ಅಂತ ಮಾರಿದವನು ಆರಾಮಾಗಿ ಮುಂದಿನ ಬೇಸಿಗೆಗೆ ಬಣ್ಣ ಬದಲಾಯಿಸ್ತಾನೆ. ಮಕ್ಕಳ ಆಟಿಕೆ ತಾನೆ, ಅಂತಾನೆ. ಮಕ್ಕಳದ್ದು ಅನ್ನೋದಕ್ಕೇ ಬುಶ್ ಇನ್ನೂ ಮೆತ್ತಗಿರಬೇಕಿತ್ತು! ಅದು ತಿಳಿಯಕ್ಕೆ ಎಂಜಿನಿಯರೂ ಬೇಕಿರಲಿಲ್ಲ. ಮಾರೋದಕ್ಕೆ ಮುಂಚೆ ಒಂದು ಮಗುವನ್ನು ಅದರ ಮೇಲೆ ನಿಲ್ಲಿಸಿ ನೋಡಿದ್ದರೆ ಆಗಿತ್ತು.

ನಾನು (ಮಿಕ್ಸಿ ಮರೆತುಹೋಗಿತ್ತು): ಸಂಘದವರ ನಿಷೇಧವೂ ಆ ಬಿದ್ದ ಮಕ್ಕಳ ಹೆಸರಿನಲ್ಲೇ. ಆಟ ನಿಲ್ಲಿಸೋದು ಸುಲಭ, ಒಂದು ಫಲಕ ಸಾಕು. ಮಾರಿದವನಿಗೆ ಒಂದು ಕಾಗದ ಬರೆಯೋಣ ಅಂತ ಸಭೆಯಲ್ಲಿ ಒಬ್ಬರೂ ಎದ್ದು ಹೇಳಲಿಲ್ಲ.

ಟ್ರಕ್: ನೀವು ಬರೀರಿ. ಸದ್ಯಕ್ಕೆ ನನ್ನ ಕಿಂಗ್‌ಪಿನ್ ನಟ್ಟು ಅರ್ಧ ಸುತ್ತು ಸಡಿಲ ಮಾಡಿ. ನಿಮ್ಮ ಅಳಿಯ ಕುತ್ತಿಗೆ ಹಿಸುಕಿಟ್ಟು ಹೋಗಿದ್ದಾನೆ.

ನಾನು: ಎಷ್ಟರ ಸ್ಪ್ಯಾನರ್?

ಟ್ರಕ್: ಇಂಚಿನ ಲೆಕ್ಕ. 9/16.

ನಾನು: ಮನೇಲಿರೋದೆಲ್ಲ ಮಿಲಿಮೀಟರಿನವು. ಜೆ.ಸಿ. ರಸ್ತೆಯಲ್ಲಿ ಕೇಳ್ತೀನಿ. ಹೇಗೂ ಆ ಕಡೆ ಹೋದ ಮೇಲೆ ಎಸ್.ಪಿ. ರಸ್ತೆಯಲ್ಲಿ ಕಪ್ಲರ್ ಕೂಡ...

ಹಿಂದಿನ ಟ್ರಕ್ (ಮೊದಲ ಬಾರಿಗೆ ಬಾಯಿಬಿಟ್ಟು): ಹೋಗೋದಾದರೆ ನನಗೂ ಒಂದು ಜೊತೆ ಬುಶ್ ತನ್ನಿ. 87ಎ.

ಟ್ರಕ್: ಚಕ್ರಕ್ಕೆ ಏನೂ ತರಬೇಡಿ.